ಕಂಬ ಅಲ್ಲಾಡಿದ ಶಬ್ದ

ನಮ್ಮ ಹೋಟೆಲಿನಲ್ಲಿ ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜಿನ ಒಂದು ಕಾಲು ಗಿಡ್ಡ. ಯಾರಾದರೂ ಮೊಣಕೈ ಊರಿದರೆ ಟಕ್ ಎನ್ನುತ್ತದೆ. ಎಷ್ಟೋ ವರ್ಷಗಳಿಂದ ಹಾಗೇ ಇದೆ. ರಟ್ಟು ಮಡಚಿ ಕಾಲಿನಡಿ ಇಡುತ್ತೇವೆ, ನೆಲ ಒರೆಸುವಾಗ ಅದು ಹಾರಿಹೋಗುತ್ತದೆ, ಮತ್ತೆ ಇಡುತ್ತೇವೆ. ಕಳೆದ ನವರಾತ್ರಿಯ ನಂತರ ಮಾತ್ರ ಆ ಶಬ್ದ ಕೇಳಿದಾಗಲೆಲ್ಲ ಗಲ್ಲಾದಲ್ಲಿ ಕೂತ ನನ್ನ ಕೈ ನಿಂತುಬಿಡುತ್ತದೆ. ಎದುರಿಗೆ ನಿಂತ ಗಿರಾಕಿ ಚಿಲ್ಲರೆಗಾಗಿ ಕೈ ಚಾಚಿಕೊಂಡೇ ಇರುತ್ತಾರೆ. ನನಗೆ ಕಾಣುವುದು ಕಡಲು.

ನಾವು ಕುಂದಾಪುರದ ಕಡೆಯವರು. ಚೆನ್ನೈನ ಕೋಡಂಬಾಕ್ಕಂನಲ್ಲಿ ನನ್ನ ಮಾವ ಹಾಕಿದ ಹೋಟೆಲನ್ನು ಈಗ ನನ್ನ ಗಂಡ ನಡೆಸುತ್ತಾರೆ. ಕೆಳಗೆ ಹೋಟೆಲು, ಮೇಲೆ ಮನೆ. ಹೋಟೆಲಿನವರಿಗೆ ಒಂದು ಅಭ್ಯಾಸ ಮೈಗಂಟಿದೆ. ಕಾದು ಕೂತವರಿಗೆ ‘ಇಲ್ಲ’ ಎನ್ನುವುದಿಲ್ಲ. ವಡೆ ಮುಗಿದಿರಲಿ, ದೋಸೆ ಕಾವಲಿ ಇನ್ನೂ ಕಾಯದಿರಲಿ, ‘ಈಗ ಬಂತು’ ಎನ್ನುತ್ತೇವೆ. ಹೇಳುತ್ತ ಹೇಳುತ್ತ ಒಂದು ಕಾಫಿ ತಂದಿಡುತ್ತೇವೆ. ಕೈಯಲ್ಲಿ ಲೋಟ ಇದ್ದರೆ ಗಿರಾಕಿ ಏಳುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಮ್ಮೆ ಯಾರಿಗೋ ‘ಪೂರಿ ಇಲ್ಲ’ ಎಂದುಬಿಟ್ಟಿದ್ದೆ. ಮಾವ ಬೈಯಲಿಲ್ಲ. ಅಡುಗೆಮನೆಗೆ ಕರೆದು, “ಮಗಾ, ಆ ಶಬ್ದ ಗಲ್ಲಾದ ಹತ್ರ ಬೇಡ” ಎಂದಷ್ಟೇ ಹೇಳಿದ್ದರು. ಅಲ್ಲಿಂದ ಅದು ನನ್ನ ಬಾಯಿಂದ ಹೋಯಿತು.

ನನ್ನ ಗಂಡನಿಗೆ ಕಡಲಿನ ಹುಚ್ಚು ಹತ್ತಿಸಿದ್ದು ಒಬ್ಬ ಗಿರಾಕಿ. ಭಾನುವಾರ ಸಂಜೆ ಒದ್ದೆ ತಲೆಯಲ್ಲಿ ಕಡಲಿನಿಂದ ನೇರ ನಮ್ಮಲ್ಲಿಗೆ ಬಂದು ಎರಡು ಮಸಾಲೆ ದೋಸೆ ತಿನ್ನುತ್ತಿದ್ದರು. ಹಲಗೆಯ ಮೇಲೆ ಹಾಯಿ ಕಟ್ಟಿ ಗಾಳಿಯಲ್ಲಿ ಹೋಗುವ ವಿಂಡ್‌ಸರ್ಫಿಂಗ್ ಅವರ ಹವ್ಯಾಸ. ಮಾತಿಗೆ ಮಾತು ಬೆಳೆದು ಇವರನ್ನೂ ಕರೆದುಕೊಂಡು ಹೋದರು. ಹೊಳೆಯಲ್ಲಿ ಈಜಿ ಬೆಳೆದವರು, ಬೇಗ ಕಲಿತರು. ಆ ಗಿರಾಕಿ ದೇಶ ಬಿಟ್ಟು ಹೋಗುವಾಗ ತಮ್ಮ ಹಲಗೆಯನ್ನೂ ಅದರ ಹೈಡ್ರೊಫಾಯಿಲನ್ನೂ ಇವರಿಗೇ ಬಿಟ್ಟುಹೋದರು.

ಹೈಡ್ರೊಫಾಯಿಲ್ ಎಂದರೆ ಹಲಗೆಯ ಅಡಿಗೆ ಕೂರಿಸುವ ಒಂದು ಚಪ್ಪಟೆ ಕಂಬ. ಸೊಂಟದೆತ್ತರ ಇರುತ್ತದೆ. ಅದರ ಕೆಳತುದಿಯಲ್ಲಿ ಪುಟ್ಟ ವಿಮಾನದಂತೆ ಮುಂದೊಂದು ಹಿಂದೊಂದು ರೆಕ್ಕೆ. ಗಾಳಿ ಹಿಡಿದು ವೇಗ ಬಂದರೆ ರೆಕ್ಕೆ ನೀರೊಳಗೇ ಇದ್ದು ಹಲಗೆಯನ್ನು ಮೇಲಕ್ಕೆತ್ತುತ್ತದೆ. ನಿಂತವರು ನೀರು ಮುಟ್ಟದೆ ಹೋಗುತ್ತಾರೆ. ಆ ಕಂಬ ಭದ್ರವಾಗಿ ಕೂತಿರಬೇಕು. ಎಲ್ಲ ಇರುವುದು ಅದರಲ್ಲೇ ಎಂದು ಇವರು ಬೀನ್ಸ್ ಹೆಚ್ಚುತ್ತಿದ್ದ ನನ್ನ ಎದುರು ಕೂತು ಹತ್ತಾರು ಸಲ ವಿವರಿಸಿದ್ದಾರೆ. ಹಲಗೆಯ ಅಡಿಯಲ್ಲಿ ಒಂದು ಗೂಡು. ಕಂಬದ ತಲೆ ಬೆಣೆಯಂತೆ ಅದರೊಳಗೆ ಬಿಗಿಯಾಗಿ ಇಳಿಯಬೇಕು. ಮೇಲಿನಿಂದ, ಹಲಗೆಯ ಎರಡು ತೂತುಗಳ ಆಳಕ್ಕೆ ಎರಡು ಉದ್ದ ಬೋಲ್ಟು. ಮುಂದಿನದನ್ನು ಸ್ವಲ್ಪ, ಹಿಂದಿನದನ್ನು ಸ್ವಲ್ಪ, ಹೀಗೆ ಸರದಿಯಲ್ಲಿ ಬಿಗಿಯಬೇಕು. ಕೊನೆಗೆ ಹಲಗೆಯನ್ನು ಮಗುಚಿ ಕಂಬ ಹಿಡಿದು ಅಲ್ಲಾಡಿಸಬೇಕು. ಶಬ್ದ ಬರಬಾರದು. ಟಕ್ ಎಂದರೆ ಕೂತಿಲ್ಲ ಎಂದರ್ಥ. ಬೋಲ್ಟು ಬಿಗಿಯಲೆಂದೇ ಉದ್ದ ಹಿಡಿಕೆಯ ಒಂದು ಅಲೆನ್ ಕೀ, ಆರು ಮೂಲೆಯ ಸಲಾಕೆ, ಇತ್ತು. ಅಡ್ಡಹಿಡಿ ಇರುವ, ಗೇಣಿಗಿಂತ ಉದ್ದದ ಕೀ.

ನನಗೆ ಇದರಿಂದ ಸಂತೋಷವಿರಲಿಲ್ಲ. ನಾಚಿಕೆಯಿತ್ತು. ಐವತ್ತು ದಾಟಿದ ಹೋಟೆಲ್ ಯಜಮಾನರು, ಬೆಳ್ಳಗಾದ ಮೀಸೆ, ಮೈಗಂಟಿದ ಕಪ್ಪು ರಬ್ಬರ್ ಅಂಗಿ. ಅಪಾರ್ಟ್‌ಮೆಂಟಿನ ಹುಡುಗರು ಮಾಡುವುದನ್ನು ಇವರು ಮಾಡುವುದು ನನಗೆ ಯಾರೋ ನನ್ನನ್ನೇ ಬೀದಿಯಲ್ಲಿ ಕುಣಿಸಿದಂತೆ ಇತ್ತು. ಕಡಲಿಗೆ ಹೋದರೂ ನಾನು ಕಾರಿನಲ್ಲೇ ಕೂತು ಫೋನ್ ನೋಡುತ್ತಿದ್ದೆ.

ಆಯುಧಪೂಜೆಯ ದಿನ ಹೋಟೆಲಿನ ಗ್ರೈಂಡರ್, ಕಾವಲಿ, ಈಳಿಗೆಮಣೆ, ಸಟ್ಟುಗಗಳ ಸಾಲಿನಲ್ಲಿ ಇವರು ಆ ಕಂಬವನ್ನೂ ತಂದು ಗೋಡೆಗೆ ಒರಗಿಸಿದರು. ಪೂಜೆಗೆ ಬಂದ ಭಟ್ಟರು ಆರತಿ ಹಿಡಿದೇ ಬಗ್ಗಿ ನೋಡಿದರು.

“ಇದೆಂತ ಹ್ವಾಯ್, ನೇಗಿಲಾ?”

“ನೀರಲ್ಲಿ ಉಳುವ ನೇಗಿಲು ಭಟ್ರೆ,” ಎಂದರು ಇವರು.

“ಬೆಳೆ ಎಂತದು?”

“ನನ್ನ ಮರ್ಯಾದೆ,” ಎಂದೆ ನಾನು. ಎಲ್ಲರೂ ನಕ್ಕರು. ಇವರು ಎಲ್ಲರಿಗಿಂತ ಹೆಚ್ಚು ನಕ್ಕರು.

ಅದಾದ ಮೇಲೆ ಸಾಮಾನು ಸರಿಸುವಾಗ ಇವರ ಚೀಲದಲ್ಲಿ ಆ ಕೀ ಉಳಿದಿದ್ದು ಕಂಡಿತು. ಎಲ್ಲ ಆಯುಧಗಳಿಗೆ ಪೂಜೆಯಾಗಿ ಇದೊಂದು ಹೊರಗೆ ಉಳಿಯಬಾರದು ಅನ್ನಿಸಿತು. ಕುಂಕುಮ ಹಚ್ಚಿ ಕಲಶದ ಮುಂದಿಟ್ಟೆ. ಮರುದಿನ ವಿಜಯದಶಮಿ. ಭಟ್ಟರು ಬಂದು ಕಲಶ ಕದಲಿಸುವವರೆಗೆ ಅಲ್ಲಿಟ್ಟ ಯಾವುದನ್ನೂ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಕಂಬವನ್ನು ಮಾತ್ರ ಇವರು ಮಂಗಳಾರತಿ ಆದ ತಕ್ಷಣ ನೈಸಾಗಿ ತೆಗೆದು ಕಾರಿಗೆ ಹಾಕಿದ್ದರು. ನಾನು ಗೊಣಗಿದ್ದೆ. ಬಹುಶಃ ಆ ಗೊಣಗಾಟಕ್ಕೇ ಕೀ ದೇವರ ಮುಂದೆ ಹೋಯಿತು. ಇವರಿಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮುಹೂರ್ತ ಮಾಡಬೇಕು ಎಂದು ಇವರ ಹಟ. ಕಂಬ ಹಾಕಿ ಹಾರುವುದನ್ನು ಆ ಗಿರಾಕಿಯ ಜೊತೆ ಕಲಿತಿದ್ದರು, ಒಬ್ಬರೇ ಹೋಗುವುದು ಅದೇ ಮೊದಲು. ಸಾಮಾನ್ಯವಾಗಿ ಹೋಗುತ್ತಿದ್ದುದು ಮಧ್ಯಾಹ್ನದ ಮೇಲೆ. ಆಗ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ, ಬಿದ್ದರೂ ದಡಕ್ಕೇ ತಳ್ಳುತ್ತದೆ. ಆ ದಿನ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಜನ, ಹೋಟೆಲೂ ತೆರೆಯಬೇಕು. ಹಾಗಾಗಿ ಬೆಳಿಗ್ಗೆಯೇ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ.

ಊಟಕ್ಕೆ ಬರಬೇಕಿದ್ದವರು ಪಲ್ಲಾವರಂನಲ್ಲಿರುವ ಅತ್ತಿಗೆ, ಅಂದರೆ ಇವರ ಅಕ್ಕ, ಮತ್ತು ಅವರ ಸೊಸೆ. “ಮಾಣಿ ಹಾರುದನ್ನ ನಾನೂ ಕಾಣ್ಬೇಕು” ಎಂದು ಅವರು ನೇರ ಕಡಲಿಗೇ ಬಂದರು. ಅತ್ತಿಗೆಗೆ ನನ್ನ ಗಂಡ ಇಂದಿಗೂ ಮಾಣಿ, ಪುಟ್ಟ ಹುಡುಗ. ಅವರ ನಾಲಿಗೆಗೆ ನಮ್ಮ ಕುಟುಂಬದಲ್ಲಿ ಎಲ್ಲರೂ ಹೆದರುತ್ತಾರೆ. ನಾನು ಎಲ್ಲರಿಗಿಂತ ಹೆಚ್ಚು.

ಈಸ್ಟ್ ಕೋಸ್ಟ್ ರೋಡಿನ ಪಕ್ಕ, ಮೀನುಗಾರರ ಕುಪ್ಪದ, ಅಂದರೆ ಅವರ ಕೇರಿಯ, ಆಚೆ ಮರಳಿನ ಮೇಲೆ ಹಲಗೆ ಇಳಿಸಿದೆವು. ಇವರು ಚೀಲದಲ್ಲಿ ಕೈಯಾಡಿಸಿದರು. ಇನ್ನೊಮ್ಮೆ ಆಡಿಸಿದರು. ಚೀಲ ಮಗುಚಿದರು.

“ಕೀ ಎಲ್ಲಿ?”

“ದೇವರ ಮುಂದೆ ಉಂಟು.”

ಇವರು ನನ್ನನ್ನು ನೋಡಿದರು. ಸಿಟ್ಟು ಮಾಡಲಿಲ್ಲ. “ಇವತ್ತು ಬೇಡ ಹಾಗಾದ್ರೆ” ಎಂದು ಹಲಗೆಯನ್ನು ಎತ್ತಲು ಬಗ್ಗಿದರು. ಆ ಮಾತು ಅವರ ಬಾಯಿಂದಲೇ ಬಂದಿತ್ತು ಎಂಬುದು ನನ್ನನ್ನು ಈಗಲೂ ತಿನ್ನುತ್ತದೆ.

ಅತ್ತಿಗೆ ಮಡಚುವ ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. “ಅಷ್ಟ್ ದೂರದಿಂದ ಬರಿಸಿ ಈಗ ಬೇಡ ಅಂಬ್ರಾ? ಚಡ್ಡಿ ಮಾತ್ರ ತೋರ್ಸೂಕೆ ಕರದ್ಯಾ ಮಾಣಿ?”

ಸೊಸೆ ಫೋನ್ ಹಿಡಿದು ನಗು ತಡೆದುಕೊಂಡಳು. ನನ್ನ ಮುಖ ಬಿಸಿಯಾಯಿತು. ಈ ಮಾತು ಸಂಜೆಯೊಳಗೆ ಅಣ್ಣಾ ನಗರ್‌ನ ನೆಂಟರ ಮನೆಗಳಲ್ಲಿ ತಿರುಗುತ್ತದೆ ಎಂದು ಗೊತ್ತಿತ್ತು. ರಸ್ತೆ ಬದಿಯಲ್ಲಿ ಎಳನೀರು ಕುಡಿಯುತ್ತಿದ್ದ ಸೈಕಲ್ ಸವಾರರ ಗುಂಪು ಕಂಡಿತು. ಇವರು ಬೇಡ ಬೇಡ ಎನ್ನುತ್ತಿದ್ದಂತೆ ನಾನೇ ಮರಳಿನಲ್ಲಿ ನಡೆದುಹೋಗಿ, ತಮಿಳಿನಲ್ಲಿ ಕೇಳಿ, ಒಂದು ಮಡಚುವ ಕೀ ಗೊಂಚಲು ತಂದೆ. ಪೇನಾಕತ್ತಿಯಂತೆ ಬಿಚ್ಚಿಕೊಳ್ಳುವ ಚಿಕ್ಕ ಚಿಕ್ಕ ಅಲೆನ್ ಕೀಗಳು. ಅಳತೆಯೇನೋ ಸರಿಹೋಯಿತು. ಉದ್ದ ಸಾಲಲಿಲ್ಲ. ಬೋಲ್ಟಿನ ತಲೆ ತೂತಿನ ಆಳದಲ್ಲಿತ್ತು, ಕೀಯ ತುದಿ ಮಾತ್ರ ಅದನ್ನು ಮುಟ್ಟುತ್ತಿತ್ತು. ತಿರುಗಿಸಿದರೆ ಹಿಡಿ ಹಲಗೆಗೆ ತಾಗುತ್ತಿತ್ತು. ಹಿಡಿಕೆ ಚಿಕ್ಕದಾದರೆ ಬಲ ಬೀಳುವುದಿಲ್ಲ. ನಾನು ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು, ಇದನ್ನೇ ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದವಳು.

ಇವರು ಬೆರಳ ತುದಿ ಬಿಳಿಚಿಕೊಳ್ಳುವಷ್ಟು ತಿರುಗಿಸಿದರು. ಹಲಗೆ ಮಗುಚಿದರು. ನಾನು ಹಲಗೆ ಒತ್ತಿ ಹಿಡಿದೆ, ಇವರು ಕಂಬ ಹಿಡಿದು ಅಲ್ಲಾಡಿಸಿದರು.

ಟಕ್.

ದೊಡ್ಡ ಶಬ್ದವೇನಲ್ಲ. ತಟ್ಟೆಯ ಅಂಚಿಗೆ ಚಮಚ ತಾಗಿದಷ್ಟು. ಇಬ್ಬರಿಗೂ ಕೇಳಿತು. ಇವರು ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ನನ್ನ ಹಿಂದೆ ಅತ್ತಿಗೆಯ ಕುರ್ಚಿ ಕಿರುಗುಟ್ಟಿತು.

“ಆಯ್ತಲ್ಲ,” ಎಂದೆ.

“ಆಯ್ತು,” ಎಂದರು.

ಎದೆಮಟ್ಟ ನೀರಿನವರೆಗೆ ನಡೆದು, ಹಾಯಿ ಎತ್ತಿ, ಹಲಗೆ ಹತ್ತಿದರು. ಸ್ವಲ್ಪ ದೂರ ಸುಮ್ಮನೆ ತೇಲಿದರು. ಆಮೇಲೆ ಗಾಳಿ ಹಾಯಿಯನ್ನು ತುಂಬಿತು. ಹಲಗೆಯ ಮೂತಿ ಎದ್ದಿತು, ಇಡೀ ಹಲಗೆ ಎದ್ದಿತು. ಅಡಿಯಲ್ಲಿ ಬೆಳಕು ಕಂಡಿತು. ನನ್ನ ಗಂಡ ನೀರಿನ ಮೇಲೆ, ನೀರಿಗೆ ತಾಗದೆ, ಸದ್ದಿಲ್ಲದೆ ಹೋಗುತ್ತಿದ್ದರು.

“ಅಯ್ಯ ದೇವರೆ,” ಎಂದರು ಅತ್ತಿಗೆ, “ನಮ್ಮ ಮಾಣಿಯಾ ಅದು?”

ಕಾರಿನಲ್ಲೇ ಕೂರುತ್ತಿದ್ದ ನಾನು ಅದನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗ. ಎಷ್ಟು ಚಂದವಿತ್ತೆಂದರೆ ಕೇಳಿದ ಶಬ್ದ ಮರೆತೇಹೋಯಿತು.

ಆಮೇಲೆ ಹಲಗೆ ಒಮ್ಮೆಲೇ ಒಂದು ಬದಿಗೆ ತಿರುಚಿ ಮೂತಿ ನೀರಿಗೆ ಚುಚ್ಚಿತು. ಇವರು ಹಾಯಿಯ ಮೇಲಿಂದ ಹಾರಿ ಆಚೆ ಬಿದ್ದರು. ಸೊಸೆ “ಅಯ್ಯೋ ಮಾಮಾ!” ಎಂದು ನಕ್ಕಳು, ಬೀಳುವುದು ಆಟದ ಭಾಗವೇ ಎಂದು ಅವಳಿಗೂ ಗೊತ್ತಿತ್ತು. ತಲೆ ಕಂಡಿತು. ಹಲಗೆಯ ಹತ್ತಿರ ಈಜಿದರು. ಹಲಗೆ ಮಗುಚಿಕೊಂಡಿತ್ತು. ಮೇಲೆ ನೆಟ್ಟಗೆ ನಿಂತಿರಬೇಕಾದ ಕಂಬ ಅಲುಗುವ ಹಲ್ಲಿನಂತೆ ವಾಲಿತ್ತು. ನನಗೆ ಅದು ಕಂಡಿತು. ಬೋಲ್ಟು ಬಿಟ್ಟಿದೆ ಎಂದು ಅರ್ಥವಾಯಿತು.

“ಎಂತ ಮಾಡ್ತಾ ಇದ್ದ ಅಂವ?” ಕೇಳಿದರು ಅತ್ತಿಗೆ.

“ಸರಿ ಮಾಡ್ಕೊಳ್ತಾ ಇದ್ದಾರೆ. ಈಗ ಬರ್ತಾರೆ.”

ಫ್ಲಾಸ್ಕ್ ತೆರೆದು ಅವರಿಗೆ ಕಾಫಿ ಬಗ್ಗಿಸಿ ಕೊಟ್ಟೆ. ಗೋಳಿಬಜೆಯ ಪೊಟ್ಟಣ ಬಿಚ್ಚಿದೆ. ಚಟ್ನಿ ಬೇರೆ ಕಟ್ಟಿಸಿದ್ದೆ, ಅದರ ಗಂಟು ಹಲ್ಲಿನಿಂದ ಬಿಡಿಸಿದೆ. ಇವೆಲ್ಲ ಮಾಡಿದ್ದು ನನ್ನ ಕೈಗಳು. ಕಣ್ಣು ಕಡಲಿನ ಮೇಲೇ ಇತ್ತು. ಇವರು ಹಲಗೆಗೆ ಜೋತುಬಿದ್ದು ಕಾಲು ಬಡಿಯುತ್ತಿದ್ದರು. ನೀರಿನಲ್ಲಿ ಚಪ್ಪಟೆ ಬಿದ್ದಿದ್ದ ಹಾಯಿ ಅವರನ್ನು ಹಿಂದಕ್ಕೆ ಎಳೆಯುತ್ತಿತ್ತು. ನನ್ನ ಬೆನ್ನಿಗೆ ಬೀಸುತ್ತಿದ್ದ ಗಾಳಿ ಅವರನ್ನು ಆಚೆ ಒಯ್ಯುತ್ತಿದೆ ಎಂದು ಬೆನ್ನಿಗೇ ತಿಳಿಯುತ್ತಿತ್ತು.

“ಇನ್ನೂ ಸರಿ ಆಗ್ಲಿಲ್ಯಾ?”

“ಈಗ ಬಂತು ಅತ್ತಿಗೆ. ಇನ್ನೊಂದು ಬಜೆ ತಕೊಳ್ಳಿ.”

ಈಗ ಬಂತು ಎಂದೆ. ನನ್ನ ಗಂಡ ಕಡಲಿನಲ್ಲಿ ಹಿಂದೆ ಹಿಂದೆ ಹೋಗುತ್ತಿರುವಾಗ, ದೋಸೆಗೆ ಕಾದವರಿಗೆ ಹೇಳುವುದನ್ನು ಹೇಳಿದೆ. ಈ ಒಂದು ಮಾತು ನನ್ನ ಕಿವಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಹೊತ್ತು ನನ್ನಲ್ಲಿದ್ದುದು ಭಯ ಮಾತ್ರವಾಗಿದ್ದರೆ ನಾನು ಕೂಗುತ್ತಿದ್ದೆ. ಭಯದ ಮೇಲೆ ನಾಚಿಕೆ ಕೂತಿತ್ತು. ಕೂಗಿದರೆ ಜನ ಸೇರುತ್ತಾರೆ. ಸೇರಿದರೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುತ್ತಾರೆ. ಅವರಷ್ಟಕ್ಕೆ ಅವರೇ ಬಂದುಬಿಡಲಿ, ಯಾರಿಗೂ ಗೊತ್ತಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅತ್ತಿಗೆ ಲೋಟ ಮರಳಿನ ಮೇಲಿಟ್ಟರು. ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತರು. ಅವರ ಧ್ವನಿ ಬೇರೆಯಾಗಿತ್ತು.

“ಅಂವ ಬತ್ತಾ ಇಲ್ಲ ಮಾರಾಯ್ತಿ. ಅಂವ ಹೋತಾ ಇದ್ದ.”

ನಾನು ಉತ್ತರ ಕೊಡುವುದರೊಳಗೆ ಅವರು ಸೀರೆ ಎತ್ತಿ ಕಟ್ಟಿ ಕುಪ್ಪದ ಕಡೆ ಓಡಿದ್ದರು. ಮೊಣಕಾಲು ನೋವೆಂದು ದೇವಸ್ಥಾನದ ಮೆಟ್ಟಿಲು ಹತ್ತದವರು. “ಎನ್ ತಂಬಿ! ಎನ್ ತಂಬಿ!” ಎಂದು ಕೂಗುತ್ತ ಓಡಿದರು, ನನ್ನ ತಮ್ಮ, ನನ್ನ ತಮ್ಮ ಎಂದು. ನಾನು ಹಿಂದಿನಿಂದ ಓಡಿದೆ.

ದೋಣಿಗಳಿಗೂ ಹಿಂದಿನ ದಿನ ಪೂಜೆಯಾಗಿತ್ತು. ಮೂತಿಗೆ ಮಾವಿನೆಲೆ, ಇಂಜಿನ್ನಿಗೆ ಗಂಧ, ಚೆಂಡುಹೂವಿನ ಮಾಲೆ. ಬಲೆಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಕಡಲಿನತ್ತ ಒಮ್ಮೆ ನೋಡಿದರು. ಇನ್ನೊಬ್ಬರು, ಪೂಜೆ ಮುಗಿಯದೆ ದೋಣಿ ಇಳಿಸಬಾರದು ಎಂದೇನೋ ಶುರುಮಾಡಿದರು.

“ಪೂಜೈ ಅಪ್ಪುರಂ ಪಾಕ್ಕಲಾಂ, ತಳ್ಳು!” ಎಂದರು ಆ ಹಿರಿಯರು. ಪೂಜೆ ಆಮೇಲೆ ನೋಡಿಕೊಳ್ಳೋಣ ಎಂದು.

ಮಾಲೆ ಇದ್ದಂತೆಯೇ ಇಂಜಿನ್ ಕೂಗಿತು. ಚೆಂಡುಹೂ ಮರಳಿನ ಮೇಲೆಲ್ಲ ಉದುರಿತು.

ಮೀನುಗಾರರು ಇವರನ್ನು ಕರೆತರುವವರೆಗೆ ನಾನು ಏನು ಮಾಡಿದೆ ಎಂದು ನನಗೆ ನೆನಪಿಲ್ಲ. ನನ್ನ ಮುಷ್ಟಿಯಲ್ಲಿ ಆ ಸೈಕಲ್ ಕೀ ಗೊಂಚಲು ಇತ್ತು, ಅದು ಅಂಗೈಯಲ್ಲಿ ಅಚ್ಚೊತ್ತಿತ್ತು. ಅದನ್ನು ಕೊಟ್ಟ ಸೈಕಲ್ ಗುಂಪಿನ ಹುಡುಗಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದಳು. ವಾಪಸ್ಸು ಕೇಳಲು ಅವಳಿಗೂ ಸಂಕೋಚವಾಗಿರಬೇಕು.

ದೋಣಿಯಿಂದ ಇಳಿಸಿದಾಗ ಇವರ ಮೀನಖಂಡ ಸೀಳಿತ್ತು. ಮುಂದಿನ ಬೋಲ್ಟು ಕಳಚಿಹೋಗಿ, ಹಿಂದಿನದೊಂದರ ಮೇಲೆ ಕಂಬ ತಿರುಗಾಡುವಾಗ ರೆಕ್ಕೆ ಕಾಲಿಗೆ ಬಡಿದಿತ್ತು. ಇನ್ನೊಮ್ಮೆ ಬಡಿಯದಿರಲೆಂದು ಅಷ್ಟು ಹೊತ್ತೂ ಒಂದು ಕೈಯಲ್ಲಿ ಅದನ್ನು ತಬ್ಬಿ ಹಿಡಿದಿದ್ದರಂತೆ. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಮೊದಲು ಅಕ್ಕನನ್ನು ನೋಡಿ, “ಗಾಳಿ ತಿರುಗಿತು ಅಕ್ಕ, ಅಷ್ಟೇ” ಎಂದರು. ನನ್ನನ್ನು ನೋಡಲಿಲ್ಲ. ಅದು ಸಿಟ್ಟಿಗಲ್ಲ ಎಂದು ನನಗೆ ಗೊತ್ತು. ನನ್ನ ಮುಖದಲ್ಲಿ ಇದ್ದುದನ್ನು ಅವರ ಅಕ್ಕ ಓದದಿರಲಿ ಎಂದು.

ಗಾಯ ಮಾಗಿತು. ಹಲಗೆಯ ಬಿರಿದ ಗೂಡನ್ನು ರಿಪೇರಿಗೆ ಕೊಟ್ಟು ಸರಿಮಾಡಿಸಿದರು. ಅಕ್ಕಿ ಚೀಲಗಳ ಮೇಲೆ ಆ ಹಲಗೆ ಎಷ್ಟೋ ದಿನ ಮಲಗಿತ್ತು. ಯಾರನ್ನೂ ಕೇಳದೆ ಕಡಲಿಗೆ ಹೊರಡುತ್ತಿದ್ದವರು ಈಗ ಸಂಜೆ ಗಾಳಿ ಎದ್ದಾಗ ಗಲ್ಲಾದ ಹತ್ತಿರ ಬಂದು ನಿಲ್ಲುತ್ತಿದ್ದರು. “ಗಾಳಿ ಉಂಟು ಇವತ್ತು” ಎನ್ನುತ್ತಿದ್ದರು. ನಾನು ಚಿಲ್ಲರೆ ಎಣಿಸುತ್ತಲೇ ಇದ್ದರೆ, “ಸುಮ್ನೆ ಹೇಳಿದೆ” ಎಂದು ಒಳಗೆ ಹೋಗುತ್ತಿದ್ದರು. ಆ ‘ಸುಮ್ನೆ’ ಕೇಳುವುದು ನನಗೆ ಕಡಲಿನ ಆ ದಿನಕ್ಕಿಂತ ಕಷ್ಟವಾಗಿತ್ತು. ಬದುಕಿದವರು ಹೀಗೆ ಅನುಮತಿ ಕೇಳುವುದನ್ನು ನೋಡುವಾಗ ತಲೆ ತಗ್ಗುತ್ತದೆ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಾನೇ ಹೇಳಿದೆ. “ಹೋಗುವ. ಮಧ್ಯಾಹ್ನದ ಮೇಲೆ. ಕೀ ನನ್ನ ಹತ್ರ ಉಂಟು.”

ಅತ್ತಿಗೆಗೆ ಯಾರು ಹೇಳಿದರೋ, ಅದೇ ಮಡಚುವ ಕುರ್ಚಿಯೊಂದಿಗೆ ಅವರೂ ಹಾಜರು. ಈ ಸಲ ತಮಾಷೆ ಮಾಡಲಿಲ್ಲ. ಗಾಳಿ ಕಡಲಿನಿಂದ ಮುಖಕ್ಕೆ ಬೀಸುತ್ತಿತ್ತು. ಇವರು ಗೂಡಿನಲ್ಲಿ ಮರಳು ಸೇರಿದೆಯೇ ಎಂದು ಬೆರಳಾಡಿಸಿ ನೋಡಿ ಕಂಬ ಇಳಿಸಿದರು. ಬೋಲ್ಟುಗಳನ್ನು ನಾನು ಬಿಗಿದೆ, ಮುಂದಿನದು ಸ್ವಲ್ಪ, ಹಿಂದಿನದು ಸ್ವಲ್ಪ. ಕೀಯ ಅಡ್ಡಹಿಡಿಯ ಸಂದಿಯಲ್ಲಿ ಕುಂಕುಮ ಇನ್ನೂ ಉಳಿದಿತ್ತು. ಹಲಗೆ ಮಗುಚಿ ಇವರು ಅಲ್ಲಾಡಿಸಿದರು.

ಏನೋ ಕೇಳಿತು.

“ಶಬ್ದ ಬಂತು,” ಎಂದೆ.

“ನಂಗೆಂತ ಕೇಳ್ಲಿಲ್ಲ,” ಎಂದರು ಅತ್ತಿಗೆ.

“ನನಗೂ ಇಲ್ಲ,” ಎಂದರು ಇವರು, ಆದರೆ ಬಿಚ್ಚತೊಡಗಿದರು. ಕಂಬ ಹೊರಗೆ ತೆಗೆದು, ಒರೆಸಿ, ಮತ್ತೆ ಕೂರಿಸಿದರು. ನಾನು ಮತ್ತೆ ಬಿಗಿದೆ. ಅಲ್ಲಾಡಿಸಿದರು. ಮತ್ತೆ ಏನೋ ಕೇಳಿತು. ಹಲಗೆ ಒತ್ತಿ ಹಿಡಿದ ನನ್ನ ಕೈಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಅದೇ ಇರಬಹುದು. ಇಲ್ಲದಿರಲೂಬಹುದು.

ಬಳೆ ತೆಗೆಯತೊಡಗಿದೆ. ಗಾಜಿನ ಬಳೆ, ಬೆವರಿಗೆ ಅಂಟಿಕೊಂಡಿತ್ತು, ಗೆಣ್ಣಿನ ಹತ್ತಿರ ಸಿಕ್ಕಿ ನೋವಾಯಿತು.

“ಎಂತ ಮಾಡ್ತಾ ಇದ್ದೆ ನೀನು!” ಅತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟರು. ಗಂಡ ಕಡಲಿಗೆ ಇಳಿಯುವ ಹೊತ್ತಿನಲ್ಲಿ ಹೆಂಡತಿ ಕೈ ಬರಿದು ಮಾಡಿಕೊಳ್ಳುವುದೆಂದರೆ ಏನೆಂದು ಅವರಿಗೂ ಗೊತ್ತು, ನನಗೂ ಗೊತ್ತು.

“ಶಬ್ದ ಕೇಳ್ಬೇಕು ಅತ್ತಿಗೆ,” ಎಂದೆ.

ಅವರು ನನ್ನನ್ನು ನೋಡಿದರು, ಕಂಬವನ್ನು ನೋಡಿದರು. ಬೈಗುಳ ಬರುತ್ತದೆ ಎಂದುಕೊಂಡೆ. ಅವರು ಕೈ ಚಾಚಿದರು. “ಕೊಡ್ ಇಲ್ಲಿ. ಮರಳಲ್ಲಿ ಹಾಕ್ಬೇಡ.” ಒಂದೊಂದಾಗಿ ತೆಗೆದುಕೊಂಡು ತಮ್ಮ ಬಳೆಗಳ ಮೇಲೇ ಏರಿಸಿಕೊಂಡರು. ಆಮೇಲೆ ಆ ಕೈಯನ್ನು ಅಲುಗದಂತೆ ಎದೆಗೆ ಒತ್ತಿ ಹಿಡಿದರು.

“ಈಗ ಅಲ್ಲಾಡಿಸಿ,” ಎಂದೆ.

ಇವರು ಎರಡೂ ಕೈಯಿಂದ ಕಂಬ ಹಿಡಿದು ಬಲವಾಗಿ ಅಲ್ಲಾಡಿಸಿದರು. ಹಲಗೆಯೇ ನನ್ನ ಕೈಯಡಿ ತಿರುಗಲು ನೋಡಿತು. ಮತ್ತೊಮ್ಮೆ. ಅಲೆಯ ಸದ್ದು, ಗಾಳಿಯ ಸದ್ದು. ಇವರು ತಲೆಯೆತ್ತಿ ಅಂದಿನಂತೆಯೇ ನನ್ನ ಮುಖ ನೋಡಿದರು.

“ಇಲ್ಲ,” ಎಂದೆ. “ಶಬ್ದ ಇಲ್ಲ.”

ಇವರು ನೀರಿಗೆ ಇಳಿದರು. ಫ್ಲಾಸ್ಕ್ ನನ್ನ ಕಾಲ ಬಳಿಯೇ ಇತ್ತು. ಇವರು ತಿರುಗಿ ದಡ ಮುಟ್ಟುವವರೆಗೆ ನಾನು ಅದರ ಮುಚ್ಚಳ ತೆಗೆಯಲಿಲ್ಲ. ಅತ್ತಿಗೆಯೂ ಕಾಫಿ ಕೇಳಲಿಲ್ಲ.